ಅರ್ಧ ಗಾಳಿ

ಜನವರಿಯಲ್ಲಿ ಯಾರಾದರೂ ಸಾಫ್ಟೀಸ್ ಕೇಳುತ್ತಾರೆಯೇ,
ಅದೂ ವಾರ್ಡೊ ದ್ವೀಪದಲ್ಲಿ?
ನವೆಂಬರಿನಲ್ಲಿ ಮುಳುಗಿದ ಸೂರ್ಯ ಇನ್ನೂ ಎದ್ದಿಲ್ಲ,
ದೋಣಿಗಳ ಹಗ್ಗಕ್ಕೆಲ್ಲ ಬಿಳಿ ಗಡ್ಡ ಬಂದಿದೆ.

ಅಕ್ಕ ಕೇಳಿದಳು.
ಗಂಟಲ ಆಪರೇಷನ್ ಆದಮೇಲೆ ಬೋರ್ಗ್‌ಹಿಲ್ಡಳ ಮಾತೆಲ್ಲ
ಹಳೇ ಬಿಲ್ಲುಗಳ ಬೆನ್ನಿನ ಮೇಲೆ, ಮೊಂಡು ಪೆನ್ಸಿಲಿನಲ್ಲಿ.
ಬರೆದು ನನ್ನತ್ತ ತಳ್ಳಿದಳು:
‘ಮೆತ್ತಗಿನದು. ನಮ್ಮದು. ಡಬ್ಬಿಯದು ಬೇಡ.’

ನಮ್ಮದು ಎಲ್ಲಿದೆ?
ಬಂದರಿನ ಗೂಡಂಗಡಿ ಮುಚ್ಚಿ ಎಂಟು ವರ್ಷ.
ಮಷೀನು ಗುಜರಿಯವನ ಲಾರಿ ಹತ್ತಿದ ದಿನ
ಅದರ ಎಡಗಡೆಯ ಹಿಡಿಯನ್ನು ತಿರುಗಿಸಿ ಬಿಚ್ಚಿಕೊಂಡಿದ್ದೆ.
ಕರೀ ಗುಂಡು ಹಿಡಿ, ಈಗ ಚಮಚಗಳ ಖಾನೆಯಲ್ಲಿ
ಯಾತಕ್ಕೂ ಬಾರದೆ ಉರುಳಾಡಿಕೊಂಡಿದೆ.

ಸರಿ, ಹಾಲು. ಕೆನೆ. ಹಾಲಿನ ಪುಡಿ ನಾಲ್ಕು ಚಮಚ.
ಸಕ್ಕರೆಯ ಅಳತೆ ಕೈಗೆ ಗೊತ್ತು, ಬಾಯಿಗೆ ಬಾರದು.
ಜೆಲಟಿನ್ ಒಂದೇ ಹಾಳೆ, ಎರಡಾದರೆ ರಬ್ಬರು.
ಮೆಟ್ಟಿಲ ಪಕ್ಕ ಹಿಮ ತೋಡಿ
ಮೀನಿಗೆಂದು ತಂದ ಕಲ್ಲುಪ್ಪು ಸುರಿದು
ಪಾತ್ರೆಯನ್ನು ಕುತ್ತಿಗೆಮಟ್ಟ ಹೂತೆ.

ಮೊದಲ ದಿನ ಕಲ್ಲಾಯಿತು. ಚಮಚ ಬಗ್ಗಿತು.
ಎರಡನೆಯ ದಿನ ನಾಲಿಗೆಯ ಮೇಲೆ ಮರಳು.
ಮೂರನೆಯ ದಿನ ಹಾಲ್ಡಿಸಳ ಫೋನು ಬಂತು,
ಅವಳ ಸೊಸೆಯ ಕಥೆ ಮುಗಿಯುವ ಹೊತ್ತಿಗೆ
ಎರಡು ಕಡಲಹಕ್ಕಿ ಪಾತ್ರೆಗೆ ಇಳಿದಿದ್ದವು.
ಅಕ್ಕ ಕಿಟಕಿಯಿಂದ ನೋಡಿ ಭುಜ ಕುಲುಕಿಸಿದಳು;
ನಗುವಿಗೂ ಈಗ ಸದ್ದಿಲ್ಲ ಅವಳಿಗೆ.

ಒಂದು ಜುಲೈ ರಾತ್ರಿ ನೆನಪಾಯಿತು. ಹನ್ನೊಂದು ಗಂಟೆ,
ಕಣ್ಣಿಗೆ ಹೊಡೆಯುವ ಬಿಸಿಲು, ಸಾಲು ಮೀನಿನ ಕಾರ್ಖಾನೆಯವರೆಗೆ.
ದೋಣಿಯ ಏಯ್ಲರ್ಟ್ ಕೋನನ್ನು ಮೂಗಿನ ಮಟ್ಟಕ್ಕೆ ಹಿಡಿದು
‘ಇದರಲ್ಲಿ ಅರ್ಧ ಗಾಳಿ’ ಎಂದ, ಎಲ್ಲರಿಗೂ ಕೇಳುವಂತೆ.
ಅಕ್ಕ ತಲೆ ಎತ್ತಲಿಲ್ಲ:
‘ಗಾಳಿಗೆ ದುಡ್ಡು ತಗೊಂಡಿಲ್ಲ, ಏಯ್ಲರ್ಟ್.
ಬರೀ ಗಾಳಿ ಸಾಕಿದ್ದರೆ ಆಚೆ ಹೋಗಿ ಬಾಯಿ ತೆರಿ,
ಈ ಊರಲ್ಲಿ ಒಂದು ಮರವನ್ನೂ ನಿಲ್ಲಗೊಡದಷ್ಟು ಇದೆ.’
ಸಾಲಿಗೆ ಸಾಲೇ ನಕ್ಕಿತು. ಅವನೂ.
ಆ ಬಾಯಿ! ಅದರ ಮುಂದೆ ನಾನು ಯಾವತ್ತೂ
ಚಿಲ್ಲರೆ ಎಣಿಸುವವಳು, ಮಷೀನು ತೊಳೆಯುವವಳು.

ಗಾಳಿ. ಅದನ್ನೇ ಮರೆತಿದ್ದೆ.
ತಣ್ಣಗಾದರೆ ಹೆಪ್ಪು, ಅಷ್ಟೇ; ಹೆಪ್ಪುಗಟ್ಟಲು ಇಲ್ಲಿ ಯಾರಿಗೆ ಬಾರದು,
ನಲ್ಲಿಗೂ ಬರುತ್ತದೆ.
ಹದ ಬೇರೆ. ಹದಕ್ಕೆ ಒಳಗೊಂದು ಉಸಿರು ಹೋಗಬೇಕು,
ಹೋದದ್ದು ಅಲ್ಲೇ ಸಿಕ್ಕಿಬೀಳಬೇಕು.

ನಾಲ್ಕನೆಯ ದಿನ ಕುರ್ಚಿ ತಂದು ಹಿಮದಲ್ಲೇ ಕೂತೆ.
ತಲೆಗೆ ಕಟ್ಟಿದ ದೀಪ, ಕೈಯಲ್ಲಿ ತಂತಿಯ ಕಡಗೋಲು.
ಅಂಚಿನಿಂದ ಕೆರೆದು ನಡುವಿಗೆ, ಎತ್ತಿ ಕಡೆದು ಮತ್ತೆ ಅಂಚಿಗೆ.
ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಒಂದು ಬೈಗುಳ.
ಮುಕ್ಕಾಲು ಗಂಟೆಗೆ ಬಿಳುಪೇರಿತು,
ಪಾತ್ರೆ ತುಂಬುತ್ತ ಬಂತು, ನಾನು ಏನನ್ನೂ ಸುರಿಯದೆ.
ಎತ್ತಿದರೆ ಕೊಕ್ಕಿನಂತೆ ನಿಂತು, ತುದಿ ಮಾತ್ರ ಬಾಗಿತು.
ಓಡಿದೆ.

ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ
ಬಟ್ಟಲಿಗೆ ಸುತ್ತಿ ಸುತ್ತಿ ಇಳಿಸಿದೆ. ಕೋನು ಅವಳು ನುಂಗಲಾರಳು.
ಗೋಪುರ ಎಡಕ್ಕೆ ವಾಲಿತು; ನಮ್ಮ ಮಷೀನಿನದೂ ಹಾಗೇ ವಾಲುತ್ತಿತ್ತು,
ಬೇಕೆಂದು ಮಾಡಿದ್ದಲ್ಲ.
ಮೊದಲ ಚಮಚ. ಅವಳು ಕಣ್ಣು ಮುಚ್ಚಲಿಲ್ಲ,
ತಪಾಸಣೆಗೆ ಬಂದವಳ ಹಾಗೆ ನನ್ನನ್ನೇ ನೋಡುತ್ತ
ನಾಲಿಗೆಯ ಮೇಲಿಟ್ಟು ಕಾದಳು, ಅದು ತಾನಾಗಿ ಇಳಿಯುವವರೆಗೆ.
ಇಳಿಯಿತು. ಕೆಮ್ಮಲಿಲ್ಲ.

ಪೆನ್ಸಿಲು ಹುಡುಕಲಿಲ್ಲ.
ತೋರುಬೆರಳೆತ್ತಿ ಗಾಳಿಯಲ್ಲಿ ತಿರುವಿದಳು,
ಅಂಗಡಿಯ ಕಿಟಕಿಗೆ ಎಟುಕದ ಪೋರರು ತಿರುವುತ್ತಿದ್ದ ಹಾಗೆ:
ಇನ್ನೊಂದು ಸುತ್ತು.

‘ಇನ್ನೊಂದು ಸುತ್ತಿಗೆ ಐದು ಕ್ರೋನ್’ ಅಂದೆ.
ಅದು ಅವಳ ಮಾತು, ನನ್ನ ಬಾಯಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ.
ನಿಲುವಂಗಿಯ ಜೇಬು ತಡಕಾಡಿ
ಕಿತ್ತುಹೋದ ಗುಂಡಿಯೊಂದನ್ನು ತೆಗೆದು
ಮೇಜಿಗೆ ಟಪ್ಪೆಂದು ಬಡಿದಳು.

ಈಗ ಕೈ ಚಾಚಿ ಕೂತಿದ್ದಾಳೆ,
ಚಿಲ್ಲರೆಗೆ.